ರವಿವರ್ಮನ ಬಣ್ಣದ ಪೆಟ್ಟಿಗೆ: ಕಲಿಸಲು ಒಲ್ಲದ ಗುರು, ಕದ್ದು ಕಲಿಸಿದ ಶಿಷ್ಯ

ರಾಜಾ ರವಿವರ್ಮನ ಬಗ್ಗೆ ಯಾರೇ ಬರೆದರೂ ಅದರಲ್ಲಿ ಶಕುಂತಲೆ ಇರ್ತಾಳೆ, ದಮಯಂತಿ ಇರ್ತಾಳೆ, ವೀಣೆ ಹಿಡಿದ ಸರಸ್ವತಿ ಇರ್ತಾಳೆ. ಆ ಸರಸ್ವತಿ ಕೂರೋಕೆ ಬೇಕಾದ ಬಟ್ಟೆ, ಎಣ್ಣೆ, ಬಣ್ಣ, ಬ್ರಶ್ಶು ಎಲ್ಲಿಂದ ಬಂದವು, ಅವನ್ನು ಬಳಸೋದನ್ನ ಆತನಿಗೆ ಯಾರು ಹೇಳಿಕೊಟ್ಟರು ಅಂತ ಕೇಳುವವರು ಕಡಿಮೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪತ್ರಿಕೋದ್ಯಮಕ್ಕೆ ಬಂದು ಇಷ್ಟು ವರ್ಷವಾದರೂ ಯಾವುದೇ ವಸ್ತು ನೋಡಿದರೆ ಇದನ್ನ ಹೇಗೆ ಮಾಡಿದ್ರು ಅನ್ನೋ ಪ್ರಶ್ನೆಯೇ ಮೊದಲು ಬರೋದು. ಕಲೆಯ ವಿಷಯದಲ್ಲೂ ಅಷ್ಟೆ.

ಇತ್ತೀಚೆಗೆ ಗೆಳೆಯರ ಗುಂಪೊಂದು ಎರಡು ದಿನದ ಭಾವಚಿತ್ರ ಕಾರ್ಯಾಗಾರ ಇಟ್ಟುಕೊಂಡಿತ್ತು. ತೈಲವರ್ಣದಲ್ಲಿ ಎದುರಿಗೆ ಕೂತ ಮನುಷ್ಯನ ಮುಖ ಬರೆಯೋದು. ಸಾಮಾನಿನ ಪಟ್ಟಿ ಮಾಡಿ ತರಿಸೋ ಕೆಲಸ ನನ್ನ ತಲೆಗೆ ಬಿತ್ತು. ಇಪ್ಪತ್ತು ಜನಕ್ಕೆ ಇಪ್ಪತ್ತು ಈಸಲ್, ಪ್ರೈಮರ್ ಹಚ್ಚಿದ ಕ್ಯಾನ್ವಾಸು, ಹಂದಿಕೂದಲಿನ ಗಡಸು ಬ್ರಶ್ಶು, ಮೆದು ಬ್ರಶ್ಶು, ಪ್ಯಾಲೆಟ್ ನೈಫು, ಅಗಸೆ ಎಣ್ಣೆ, ಟರ್ಪೆಂಟೈನು, ಹಳೇ ಬಟ್ಟೆಚೂರು, ಮುಚ್ಚಳ ಇರೋ ತಗಡಿನ ಡಬ್ಬ. ಬಣ್ಣ ಮಾತ್ರ ನಾಲ್ಕೇ: ಬಿಳಿ, ಯೆಲ್ಲೋ ಓಕರ್, ಒಂದು ಕೆಂಪು, ಒಂದು ಕಪ್ಪು. ಸ್ವೀಡನ್ನಿನ ಆಂಡರ್ಸ್ ಜಾರ್ನ್ ಹೆಸರಲ್ಲಿ ಪ್ರಸಿದ್ಧವಾದ ಈ ನಾಲ್ಕರಲ್ಲೇ ಮನುಷ್ಯನ ಚರ್ಮದ ಹೆಚ್ಚುಕಡಿಮೆ ಎಲ್ಲ ಛಾಯೆ ತೆಗೆಯಬಹುದು. ಕಪ್ಪಿಗೆ ಬಿಳಿ ಬೆರೆಸಿ ಕೆಂಪಿನ ಪಕ್ಕ ಇಟ್ಟರೆ ಕಣ್ಣಿಗೆ ಅದು ನೀಲಿಯ ಹಾಗೆ ಕಾಣುತ್ತೆ. ಆ ಪಟ್ಟಿಯ ಮುಕ್ಕಾಲು ಪಾಲು ಫೋನಿನಲ್ಲೇ ಆರ್ಡರ್ ಆಯ್ತು, ಮೂರನೇ ದಿನ ಮನೆ ಬಾಗಿಲಿಗೆ ಬಂತು. ಇದೇ ಪಟ್ಟಿಯನ್ನು 1860ರ ದಶಕದ ತಿರುವಾಂಕೂರಿನಲ್ಲಿ ಒಬ್ಬ ಹುಡುಗ ಹಿಡಿದುಕೊಂಡು ಹೊರಟಿದ್ದರೆ ಏನಾಗ್ತಿತ್ತು ಅಂತ ನೋಡೋಕೆ ಹೊರಟಾಗಲೇ ರವಿವರ್ಮನ ಬದುಕು ನನಗೆ ಬೇರೆ ಥರ ಕಾಣೋಕೆ ಶುರುವಾಗಿದ್ದು.

ಆತ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವನಂತಪುರದ ಉತ್ತರಕ್ಕಿರೋ ಕಿಳಿಮಾನೂರಿನಲ್ಲಿ. ದೊಡ್ಡ ಮನೆತನ. ತಿರುವಾಂಕೂರು ರಾಜಮನೆತನದ ಜೊತೆ ಮದುವೆ ಸಂಬಂಧಗಳಿದ್ದ ಮನೆ. ಹುಡುಗ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಚ್ತಿದ್ದ ಅನ್ನೋ ಕಥೆ ಎಲ್ಲ ಕಲಾವಿದರಿಗೂ ಇರುತ್ತೆ, ಈತನಿಗೂ ಇದೆ, ಇರ್ಲಿ. ಮುಖ್ಯವಾದದ್ದು ಮಾವ ರಾಜರಾಜವರ್ಮ. ಆತ ತಂಜಾವೂರು ಶೈಲಿಯಲ್ಲಿ ಹವ್ಯಾಸಕ್ಕೆ ಚಿತ್ರ ಬರೀತಿದ್ದ. ಅಳಿಯನ ಕೈ ನೋಡಿ ಬೈಯೋ ಬದಲು ಕೂರಿಸಿಕೊಂಡು ಕಲಿಸಿದ. 1862ರಲ್ಲಿ, ಹುಡುಗನಿಗೆ ಹದಿನಾಲ್ಕು ತುಂಬಿದಾಗ, ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಮುಂದೆ ನಿಲ್ಲಿಸಿದ. ಮಹಾರಾಜ ಮೆಚ್ಚಿದ. ಅರಮನೆಯ ಆಸುಪಾಸಿನಲ್ಲೇ ಇರೋಕೆ ಜಾಗ, ಅರಮನೆಗೆ ಬರೋ ಯುರೋಪಿನ ಚಿತ್ರಗಳನ್ನೂ ಪುಸ್ತಕಗಳನ್ನೂ ನೋಡೋ ಅವಕಾಶ, ಎರಡೂ ಸಿಕ್ಕವು.

ಅಲ್ಲಿವರೆಗೆ ಆತನಿಗೆ ಗೊತ್ತಿದ್ದದ್ದು ನೀರಿನಲ್ಲಿ ಕಲಸೋ ಬಣ್ಣ. ತಂಜಾವೂರು ಪದ್ಧತಿ, ನಮ್ಮ ಮೈಸೂರು ಪದ್ಧತಿ ಎರಡರಲ್ಲೂ ಬಣ್ಣದ ಪುಡಿಯನ್ನು ಹಿಡಿದಿಡೋದು ಅಂಟು. ನೀರು ಆರಿತು ಅಂದ್ರೆ ಬಣ್ಣ ಕೂತಿತು. ಬೇಗ ಆರುತ್ತೆ, ಹಾಗಾಗಿ ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗೋ ಹಾಗೆ ಮಾಡೋದು ಕಷ್ಟ. ಗೆರೆ ಖಚಿತವಾಗಿರುತ್ತೆ, ಗೆರೆಯ ಒಳಗೆ ಬಣ್ಣ ತುಂಬುತ್ತೆ. ಆ ಚಿತ್ರಗಳ ಸೊಗಸೇ ಅದು. ಆದರೆ ಕೆನ್ನೆಯ ಬೆಳಕು ದವಡೆಯ ಕೆಳಗಿನ ನೆರಳಿಗೆ ಜಾರೋದನ್ನ ತೋರಿಸಬೇಕು ಅಂದ್ರೆ ಬಣ್ಣ ಗಂಟೆಗಟ್ಟಲೆ ಹಸಿಯಾಗಿ ಇರಬೇಕು.

ಎಣ್ಣೆಯ ಬಣ್ಣ ಮಾಡೋದು ಇದನ್ನೇ. ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳೋಕೆ ಬಿಡಿ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸಿ ಚಟ್ನಿಪುಡಿ ತಿಂತೀವಲ್ಲ, ಅದೇ ಅಗಸೆ ಬೀಜದ ಎಣ್ಣೆ ಇದಕ್ಕೆ ಆಧಾರ. ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತೆ. ತೆಳು ಪದರ ಮುಟ್ಟುವಷ್ಟು ಗಟ್ಟಿಯಾಗೋಕೇ ದಿನಗಳು ಬೇಕು, ದಪ್ಪ ಪದರಕ್ಕೆ ತಿಂಗಳುಗಳು. ಇದರಿಂದ ಒಂದಷ್ಟು ಕಟ್ಟುಪಾಡು ಹುಟ್ಟುತ್ತೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ ಇರಬೇಕು, ಮೇಲೆ ಹೋದ ಹಾಗೆ ಹೆಚ್ಚಬೇಕು. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗಾಡ್ತಾ ಇರುತ್ತೆ. ಕೆಲವು ವರ್ಷದಲ್ಲಿ ಮುಖ ಬಿರುಕು ಬಿಡುತ್ತೆ. ಬಟ್ಟೆಯ ಮೇಲೆ ನೇರವಾಗಿ ಎಣ್ಣೆ ಹಚ್ಚೋ ಹಾಗಿಲ್ಲ, ಎಣ್ಣೆ ನಾರನ್ನು ತಿಂದುಹಾಕುತ್ತೆ. ಅದಕ್ಕೇ ಮೊದಲು ಸರೇಸಿನಂಥ ಪ್ರಾಣಿಜನ್ಯ ಅಂಟು, ಅದರ ಮೇಲೆ ಬಿಳಿ ಲೇಪ, ಆಮೇಲೆ ಚಿತ್ರ. ಇನ್ನೊಂದು ವಿಷಯ, ಕಾರ್ಯಾಗಾರ ನಡೆಸೋರು ಗಮನಿಸಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ, ಆ ಒಣಗೋ ಕ್ರಿಯೆಯ ಶಾಖಕ್ಕೇ ತಾನಾಗಿ ಹೊತ್ತಿಕೊಳ್ಳಬಹುದು. ನೀರು ಹಾಕಿದ ಮುಚ್ಚಳದ ಡಬ್ಬ ಪಟ್ಟಿಯಲ್ಲಿ ಇದ್ದದ್ದು ಅದಕ್ಕೇ.

ಈ ವಿದ್ಯೆ ಗೊತ್ತಿದ್ದ ಒಬ್ಬ ವ್ಯಕ್ತಿ ತಿರುವನಂತಪುರದ ಆಸ್ಥಾನದಲ್ಲೇ ಇದ್ದ. ರಾಮಸ್ವಾಮಿ ನಾಯ್ಕರ್. ನಾಯ್ಡು ಅಂತಲೂ ಬರೀತಾರೆ. ರವಿವರ್ಮ ಆತನ ಬಳಿ ಹೋಗಿ ಕಲಿಸಿ ಅಂತ ಕೇಳಿದ. ನಾಯ್ಕರ್ ಒಪ್ಪಲಿಲ್ಲ.

ಬಹಳಷ್ಟು ಬರಹಗಳಲ್ಲಿ ಈ ನಾಯ್ಕರ್ ಹೊಟ್ಟೆಕಿಚ್ಚಿನ ಖಳನಾಯಕ. ನನಗೆ ಹಾಗನ್ನಿಸಲ್ಲ. ಆಸ್ಥಾನದ ಕಲಾವಿದ ಅಂದ್ರೆ ಅರಮನೆಯ ಕೃಪೆಯಲ್ಲಿ ಬದುಕೋ ನೌಕರ. ಆತನಿಗೆ ಪೇಟೆಂಟ್ ಇಲ್ಲ, ಕಾಪಿರೈಟ್ ಇಲ್ಲ. ಇದ್ದ ಏಕೈಕ ಆಸ್ತಿ ಎಂದರೆ ಬೇರೆಯವರಿಗೆ ಗೊತ್ತಿಲ್ಲದ ಒಂದು ಕೆಲಸ. ಕೇಳೋಕೆ ಬಂದವನು ಬಡ ಹುಡುಗನಲ್ಲ, ಮಹಾರಾಜನ ಬಳಗದವನು. ಆತ ಕಲಿತ ದಿನವೇ ನಾಯ್ಕರ್ ಬೇಡದವನಾಗಬಹುದಿತ್ತು. ಮುಂದೆ ಆಸ್ಥಾನದಲ್ಲಿ ಯಾರ ಹೆಸರು ಉಳೀತು ಅನ್ನೋದು ನಮಗೆಲ್ಲ ಗೊತ್ತೇ ಇದೆ. ನಮ್ಮ ಕಂಪನಿಗಳು ನೌಕರರಿಂದ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರೆ ಅದು ವ್ಯವಹಾರ, ಒಬ್ಬ ಚಿತ್ರಗಾರ ತನ್ನ ಎಣ್ಣೆಯ ಅಳತೆ ಮುಚ್ಚಿಟ್ಟರೆ ಅದು ಸಣ್ಣತನ. ಇದ್ಯಾವ ನ್ಯಾಯ?

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ನಾಯ್ಕರ್ ಕೈಕೆಳಗೆ ಕೆಲಸ ಮಾಡ್ತಿದ್ದ ಆರುಮುಗಂ ಪಿಳ್ಳೈ ಅನ್ನೋ ಶಿಷ್ಯ ರಾತ್ರಿ ಹೊತ್ತು ಕದ್ದುಮುಚ್ಚಿ ಬಂದು ತನಗೆ ಗೊತ್ತಿದ್ದನ್ನ ರವಿವರ್ಮನಿಗೆ ಹೇಳಿಕೊಟ್ಟ. ಜೀವನಚರಿತ್ರೆಗಳಲ್ಲಿ ಈತನಿಗೆ ಸಿಗೋದು ಒಂದೆರಡು ಸಾಲು. ಸಿಕ್ಕಿಬಿದ್ದಿದ್ದರೆ ಹೋಗ್ತಿದ್ದದ್ದು ಆತನ ಅನ್ನ, ರವಿವರ್ಮನದ್ದಲ್ಲ. ಭಾರತದ ಅತಿ ಪ್ರಸಿದ್ಧ ತೈಲವರ್ಣಕಾರನಿಗೆ ಕೈಹಿಡಿದು ಕಲಿಸಿದವನು ಒಬ್ಬ ಸಹಾಯಕ.

1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿಯನ್ ಭಾವಚಿತ್ರಕಾರ ಮಹಾರಾಜ ದಂಪತಿಯ ಚಿತ್ರ ಬರೆಯೋಕೆ ಬಂದ. ರವಿವರ್ಮನಿಗೆ ಕಲಿಸಿ ಅಂತ ಮಹಾರಾಜನೇ ಹೇಳಿದರೂ ಜೆನ್ಸನ್‌ಗೆ ಮನಸ್ಸಿರಲಿಲ್ಲ. ನಾನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಬಹುದು, ಅಷ್ಟೆ ಅನ್ನೋ ಧೋರಣೆ. ಹುಡುಗ ನಿಂತು ನೋಡಿದ. ಇಪ್ಪತ್ತರ ವಯಸ್ಸು.

ನೋಡಿ ಏನು ಕಲಿಯಬಹುದು, ಏನು ಕಲಿಯೋಕಾಗಲ್ಲ ಅನ್ನೋದನ್ನ ಕಾರ್ಯಾಗಾರಗಳಲ್ಲಿ ಕೂತವರು ಬಲ್ಲರು. ಕೈಯ ಚಲನೆ ಕಾಣುತ್ತೆ. ಯಾವ ಬಣ್ಣ ಮೊದಲು, ಯಾವುದು ಆಮೇಲೆ ಅನ್ನೋದು ಕಾಣುತ್ತೆ. ಮುಖವನ್ನು ಕಣ್ಣಿನಿಂದ ಶುರು ಮಾಡದೆ ದೊಡ್ಡ ನೆರಳುಗಳಿಂದ ಶುರು ಮಾಡೋದು ಕಾಣುತ್ತೆ. ಎಣ್ಣೆಯ ಬಟ್ಟಲಿನಲ್ಲಿ ಎಷ್ಟು ಟರ್ಪೆಂಟೈನ್ ಇದೆ ಅನ್ನೋದು ಕಾಣಲ್ಲ. ಬಟ್ಟೆಗೆ ಹಿಂದಿನ ವಾರ ಎಷ್ಟು ಕೋಟು ಲೇಪ ಹಚ್ಚಿದ್ರು ಅನ್ನೋದೂ ಕಾಣಲ್ಲ. ನನ್ನ ಅಂದಾಜಿನಲ್ಲಿ ನಾಯ್ಕರ್ ಮತ್ತು ಜೆನ್ಸನ್ ಇಬ್ಬರೂ ಮುಚ್ಚಿಟ್ಟದ್ದು ಈ ತಯಾರಿಯ ಭಾಗವನ್ನೇ, ಅಂದ್ರೆ ಚಿತ್ರ ಶುರುವಾಗೋಕೆ ಮುಂಚಿನ ಅಡುಗೆಮನೆ ಕೆಲಸವನ್ನ. ಉಳಿದದ್ದನ್ನು ರವಿವರ್ಮ ಬಟ್ಟೆ ಬಣ್ಣ ಹಾಳುಮಾಡಿಯೇ ಕಲಿತಿರಬೇಕು. ಹಾಳುಮಾಡೋಕೆ ಸಾಕಷ್ಟು ಬಣ್ಣ ಇತ್ತು ಅನ್ನೋದನ್ನ ಮರೀಬಾರದು. ಸೀಮೆಯಿಂದ ಹಡಗಿನಲ್ಲಿ ಬರ್ತಿದ್ದ ಸಾಮಾನು ಅದು. ಅರಮನೆಯ ಬೆನ್ನು ಇಲ್ಲದ ಇನ್ನೊಬ್ಬ ಹುಡುಗನಿಗೆ ನೋಡೋ ಅವಕಾಶವೂ ಇರ್ತಿರಲಿಲ್ಲ, ತಪ್ಪು ಮಾಡೋ ಅವಕಾಶವೂ ಇರ್ತಿರಲಿಲ್ಲ.

ಬಣ್ಣ ಹಡಗು ಹತ್ತೋಕೆ ಸಾಧ್ಯವಾಗಿದ್ದರ ಹಿಂದೆಯೂ ಒಂದು ಸಣ್ಣ ಆವಿಷ್ಕಾರ ಇದೆ. ಅದಕ್ಕೂ ಮುಂಚೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡ್ತಿದ್ರು. ಮೊಳೆಯಿಂದ ತೂತು ಮಾಡಿ ಹಿಂಡಬೇಕು, ಒಮ್ಮೆ ತೂತಾದರೆ ಬಣ್ಣ ಗಟ್ಟಿಯಾಗ್ತಾ ಹೋಗುತ್ತೆ. ಲಂಡನ್ನಿನಲ್ಲಿದ್ದ ಅಮೆರಿಕದ ಭಾವಚಿತ್ರಕಾರ ಜಾನ್ ಗೋಫ್ ರ‍್ಯಾಂಡ್ 1841ರಲ್ಲಿ ಮೆತ್ತನೆಯ ತಗಡಿನ ಟ್ಯೂಬಿಗೆ ಪೇಟೆಂಟ್ ಪಡೆದ. ರವಿವರ್ಮ ಹುಟ್ಟೋಕೆ ಏಳು ವರ್ಷ ಮುಂಚೆ. ನಾವು ಟೂತ್‌ಪೇಸ್ಟ್ ಹಿಂಡೋದೂ ಅದೇ ಉಪಾಯದ ಮುಂದುವರಿಕೆ. ಕಲಾ ಇತಿಹಾಸ ಬರೆಯೋರು ಟ್ಯೂಬಿನ ಮಹಿಮೆ ಹೇಳುವಾಗ ಫ್ರಾನ್ಸಿನ ಇಂಪ್ರೆಷನಿಸ್ಟರನ್ನ ನೆನೀತಾರೆ. ಕಿಳಿಮಾನೂರನ್ನೂ ನೆನೆಯಬೇಕು ಅನ್ನೋದು ನನ್ನ ವಾದ.

1870ರಲ್ಲಿ ರವಿವರ್ಮ ನಮ್ಮ ಕಡೆ ಬಂದ. ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಮಾಡಿ ಹಿಂತಿರುಗುವಾಗ ಕಲ್ಲಿಕೋಟೆಯಲ್ಲಿ ಕಿಳಕ್ಕೆ ಪಾಲಾಟ್ಟ್ ಕೃಷ್ಣಮೆನನ್ ಕುಟುಂಬದ ಚಿತ್ರ ಬರೆದುಕೊಟ್ಟ ಅಂತ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಹಣ ಪಡೆದು ಮಾಡಿದ ಮೊದಲ ಕೆಲಸ ಅದು. ರಾಜಮನೆತನದ ನೆಂಟ ಕೂಲಿಗೆ ಚಿತ್ರ ಬರೆಯೋದು ಆಗಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ತಲೆಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರಕ್ಕೆ ಚಿನ್ನದ ಪದಕ ಬಂತು. ಅದೇ ವರ್ಷ ವಿಯೆನ್ನಾದಲ್ಲೂ ಬಹುಮಾನ. 1876ರ ಶಕುಂತಲೆಯ ಚಿತ್ರವನ್ನು ಮದ್ರಾಸ್ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಕೊಂಡ, ಆಮೇಲೆ ತನ್ನದೇ ಭಾವಚಿತ್ರವನ್ನೂ ಬರೆಸಿಕೊಂಡ.

ಮದ್ರಾಸು, ಕಲ್ಕತ್ತಾ, ಮುಂಬಯಿಯ ಕಲಾಶಾಲೆಗಳು 1850ರ ದಶಕದಲ್ಲೇ ಶುರುವಾಗಿದ್ದವು. ಈತ ಯಾವುದಕ್ಕೂ ಸೇರಿದವನಲ್ಲ.

1880ರಲ್ಲಿ ಆಯಿಲ್ಯಂ ತಿರುನಾಳ್ ತೀರಿಕೊಂಡ. ಹೊಸ ಮಹಾರಾಜನ ಜೊತೆ ಹೊಂದಿಕೆಯಾಗಲಿಲ್ಲ. ಆಗಲೇ ರವಿವರ್ಮ ನಿಜವಾದ ಅರ್ಥದಲ್ಲಿ ವೃತ್ತಿಪರ ಆದದ್ದು. ದಿವಾನ್ ಟಿ. ಮಾಧವರಾವ್ ಕರೆಯ ಮೇಲೆ ಬರೋಡಾಕ್ಕೆ ಹೋದ, 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಕುಟುಂಬದ ಭಾವಚಿತ್ರಗಳನ್ನು ಬರೆದ. ಬರೋಡಾದ ಸಯಾಜಿರಾವ್ ಗಾಯಕವಾಡ್ ಹದಿನಾಲ್ಕು ಪುರಾಣ ಚಿತ್ರ ಬೇಕೆಂದಾಗ ಉತ್ತರ ಭಾರತ ಸುತ್ತಿ ಜನರ ಉಡುಗೆ ತೊಡುಗೆ ನೋಡಿಕೊಂಡು ಬಂದು 1890ರ ಹೊತ್ತಿಗೆ ಮುಗಿಸಿದ. 1893ರಲ್ಲಿ ಹತ್ತು ಚಿತ್ರ ಶಿಕಾಗೋಗೆ ಹೋದವು, ಪದಕ ತಂದವು. ಇಷ್ಟೆಲ್ಲ ಎಲ್ಲರೂ ಬರೆದಿದ್ದಾರೆ, ನಾನು ಬೇಗ ದಾಟ್ತೀನಿ.

ನಾನು ನಿಲ್ಲಬೇಕು ಅನ್ನಿಸೋದು ತಮ್ಮ ಸಿ. ರಾಜರಾಜವರ್ಮನ ಹತ್ತಿರ. ಹನ್ನೆರಡು ವರ್ಷ ಚಿಕ್ಕವನು, 1860ರಲ್ಲಿ ಹುಟ್ಟಿದವನು, ತಾನೇ ಒಳ್ಳೆ ನಿಸರ್ಗಚಿತ್ರಕಾರ. ಅಣ್ಣನ ಚಿತ್ರಗಳ ಹಿನ್ನೆಲೆಯಲ್ಲಿ ಕಾಣೋ ಕಾಡು, ನೀರು, ಆಕಾಶದಲ್ಲಿ ಈತನ ಕೈ ಇದೆ. ಅಕ್ಷರಶಃ ಇಬ್ಬರೂ ಒಂದೇ ಕ್ಯಾನ್ವಾಸಿನ ಮೇಲೆ ಕೆಲಸ ಮಾಡಿದ್ದಾರೆ. ಪ್ರಯಾಣ, ಪತ್ರವ್ಯವಹಾರ, ರೂಪದರ್ಶಿಗಳು, ಹಣಕಾಸು ಎಲ್ಲದರಲ್ಲೂ ತಮ್ಮ ಜೊತೆಗಿದ್ದ. ತಂಗಿ ಮಂಗಳಾಬಾಯಿ ಕೂಡ ಚಿತ್ರಕಾರ್ತಿ. ಹೆಣ್ಣಾದ್ದರಿಂದ ಊರೂರು ತಿರುಗಿ ರಾಜರ ಮುಂದೆ ಈಸಲ್ ಹೂಡೋ ಅವಕಾಶ ಆಕೆಗೆ ಬರಲಿಲ್ಲ. ರಾಜರಾಜವರ್ಮ 1895ರಿಂದ ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟ. ಅದು ಪುಸ್ತಕವಾಗಿ ಬಂದಿದೆ. ರವಿವರ್ಮನನ್ನು ದೈವದತ್ತ ಪ್ರತಿಭೆ ಅಂತ ಪೂಜಿಸೋರು ಅದನ್ನ ಓದಬೇಕು. ಅಲ್ಲಿ ಕಾಣೋದು ಒಂದು ಸಂಚಾರಿ ಕಾರ್ಖಾನೆ. ಯಾವ ಊರಲ್ಲಿ ಕೆಲಸ, ರೂಪದರ್ಶಿ ಬಂದಳೋ ಇಲ್ಲವೋ, ಯಾರ ದುಡ್ಡು ಬರೋದು ಬಾಕಿ, ನಾಟಕ ನೋಡಿದ್ದು, ಪ್ರೆಸ್ಸಿನ ತಲೆನೋವು.

ಅವರು ಫೋಟೋ ನೋಡಿಯೂ ಬರೀತಿದ್ರು. ತೀರಿಹೋದವರ ಭಾವಚಿತ್ರಕ್ಕೆ ಫೋಟೋ ಬಿಟ್ಟರೆ ದಾರಿ ಇರಲಿಲ್ಲ. ಇವತ್ತು ಕಾರ್ಯಾಗಾರಗಳಲ್ಲಿ ಫೋನು ನೋಡಿ ಬರೆಯೋದು ಮೋಸ ಅಂತ ಮೂಗು ಮುರಿಯೋರಿಗೆ ಇದನ್ನ ಹೇಳ್ತಾ ಇರ್ತೀನಿ. ಆದರೆ ಫೋಟೋದಲ್ಲಿ ನೆರಳು ಸತ್ತಿರುತ್ತೆ. ಕೂತ ಮನುಷ್ಯನ ಚರ್ಮದ ಬಣ್ಣ ಕಿಟಕಿಯ ಬೆಳಕಿಗೆ ಹೇಗೆ ಬದಲಾಗುತ್ತೆ ಅನ್ನೋದನ್ನ ಮೊದಲು ಕಲಿತವರಿಗಷ್ಟೇ ಫೋಟೋ ಉಪಯೋಗಕ್ಕೆ ಬರೋದು. ಅದಕ್ಕೇ ಸಾಮಾನಿನ ಪಟ್ಟಿಯಲ್ಲಿ ನಾನು ಕುರ್ಚಿಗೂ ಜಾಗ ಕೊಟ್ಟಿದ್ದೆ: ಉತ್ತರದ ಕಿಟಕಿ ಪಕ್ಕ, ಬೆಳಗಿಂದ ಸಂಜೆವರೆಗೆ ನೇರ ಬಿಸಿಲು ಬೀಳದ ಜಾಗದಲ್ಲಿ.

1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಶುರುವಾಯ್ತು. ಅರಮನೆಯ ಗೋಡೆಯಲ್ಲಿದ್ದ ಚಿತ್ರವನ್ನು ಜನರ ಮನೆಗೆ ತಲುಪಿಸೋ ಯೋಜನೆ. ಜರ್ಮನಿಯ ತಂತ್ರಜ್ಞರು ಬಂದರು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದು ಲಕ್ಷ್ಮಿ ಮೂಡೋಕೆ ಕಾಗದ ಹತ್ತಾರು ಸಲ ಯಂತ್ರದೊಳಗೆ ಹೋಗಿ ಬರಬೇಕು, ಪ್ರತಿ ಸಲವೂ ಕೂದಲೆಳೆ ಅತ್ತಿತ್ತ ಆಗದ ಹಾಗೆ. ನಾನು ಓದಿದ ಪ್ರೊಡಕ್ಷನ್ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಟಾಲರೆನ್ಸ್ ಬಹಳ ಕಡಿಮೆ, ಖರ್ಚು ಬಹಳ ಜಾಸ್ತಿ. ಪ್ಲೇಗು ಬಂತು, ಪ್ರೆಸ್ಸು ಲೋನಾವಳ ಹತ್ತಿರದ ಮಳವಲಿಗೆ ಹೋಯ್ತು, ಸಾಲ ಏರಿತು. 1901ರಲ್ಲಿ ಅದನ್ನ ಅಲ್ಲೇ ಕೆಲಸ ಮಾಡ್ತಿದ್ದ ಫ್ರಿಟ್ಸ್ ಶ್ಲೈಷರ್‌ಗೆ ಮಾರಿಬಿಟ್ಟರು. ಚಿತ್ರಗಳು ಮನೆಮನೆಗೆ ಹೋದವು, ಲಾಭ ಮಾತ್ರ ಬರೆದವನಿಗೆ ಹೋಗಲಿಲ್ಲ.

ಈ ಅಚ್ಚಿನ ಚಿತ್ರಗಳ ಬಗ್ಗೆ ಎರಡು ತಕರಾರು ಇವೆ. ಅಬನೀಂದ್ರನಾಥ ಟ್ಯಾಗೋರರ ಬಂಗಾಳ ಶಾಲೆಯವರು, ಆನಂದ ಕುಮಾರಸ್ವಾಮಿ ಮೊದಲಾದವರು ಇದು ಯುರೋಪಿನ ನಕಲು, ನಾಟಕದ ವೇಷ ಅಂದ್ರು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಹೋಗಿ ಕಲಿತದ್ದು ಅದೇ ಅಬನೀಂದ್ರನಾಥರ ಬಳಿ. ಇನ್ನೊಂದು ತಕರಾರು ಇತ್ತೀಚಿನದು, ನನಗೆ ಹೆಚ್ಚು ಗಟ್ಟಿ ಅನ್ನಿಸೋದು: ದೇವರಿಗೆ ಬೆಳ್ಳಗಿನ, ಮೇಲ್ಜಾತಿಯ, ಒಡವೆ ಹೇರಿಕೊಂಡ ಮುಖವನ್ನೇ ಕಾಯಂ ಮಾಡಿಬಿಟ್ಟ ಅನ್ನೋದು. ಒಪ್ಪಬೇಕಾದ ಮಾತು. ಜೊತೆಗೆ ಇನ್ನೊಂದನ್ನೂ ಇಡ್ತೀನಿ. ತಿರುವಾಂಕೂರಿನಲ್ಲಿ ದೇವಸ್ಥಾನದ ಬಾಗಿಲು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರಿನಲ್ಲಿ. ಅದಕ್ಕೂ ದಶಕಗಳ ಮುಂಚೆಯೇ ಅಚ್ಚಿನ ಹಾಳೆ ಸಂತೆಯಲ್ಲಿ ಸಿಗ್ತಿತ್ತು. ಕೊಂಡು ಗೋಡೆಗೆ ತೂಗುಹಾಕೋಕೆ ಯಾವ ಪೂಜಾರಿಯ ಅಪ್ಪಣೆಯೂ ಬೇಕಿರಲಿಲ್ಲ.

ಕೊನೆಯ ದೊಡ್ಡ ಕೆಲಸ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರು ಒಂಬತ್ತು ಪುರಾಣ ಚಿತ್ರಗಳನ್ನು ಕೇಳಿದ್ದರು. ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ಮೈಸೂರಿನ ಈ ರವಿವರ್ಮನನ್ನು ನೋಡಬಹುದು. (ಅಲ್ಲಿಗೆ ಹೋದವರಲ್ಲಿ ಬಹಳ ಜನ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವೇ ರವಿವರ್ಮನದು ಅಂದುಕೊಂಡು ವಾಪಸ್ ಬರ್ತಾರೆ. ಅದು ಎಸ್.ಎಲ್. ಹಳದಣಕರ್ ಅವರದು, ಅದೂ ಜಲವರ್ಣದಲ್ಲಿ. ನೀರಿನ ಬಣ್ಣದಲ್ಲಿ ಅಂಥ ಬೆಳಕು ತೆಗೆದದ್ದಕ್ಕೆ ಅವರಿಗೆ ಬೇರೆಯೇ ಲೇಖನ ಸಲ್ಲಬೇಕು.) ಮೈಸೂರಿನ ಕೆಲಸ ಮುಗಿಯೋ ಮುಂಚೆಯೇ, 1905ರ ಜನವರಿಯಲ್ಲಿ, ತಮ್ಮ ತೀರಿಕೊಂಡ. ನಲವತ್ತೈದೂ ತುಂಬಿರಲಿಲ್ಲ. ಎಷ್ಟೋ ವರ್ಷಗಳಿಂದ ಪಕ್ಕದಲ್ಲೇ ಇದ್ದ ಕೈ ಅದು. ಆಗಲೇ ರವಿವರ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಆದರೂ ಕೆಲಸ ಮುಂದುವರಿಸಿದ. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡ.

1979ರಲ್ಲಿ ಭಾರತ ಸರ್ಕಾರ ರವಿವರ್ಮನ ಚಿತ್ರಗಳನ್ನು ರಾಷ್ಟ್ರದ ಕಲಾನಿಧಿ ಅಂತ ಘೋಷಿಸಿತು. ಹಾಗಾಗಿ ಅವು ದೇಶ ಬಿಟ್ಟು ಮಾರಾಟಕ್ಕೆ ಹೋಗೋ ಹಾಗಿಲ್ಲ. ದೇಶದೊಳಗಿನ ಹರಾಜಿನಲ್ಲಿ ಕೋಟಿಗಳ ಲೆಕ್ಕ. ತಮ್ಮನ ದಿನಚರಿ 1904ರ ಆಚೆಗೆ ಹೋಗಲ್ಲ. ಕೊನೆಯ ಎರಡು ವರ್ಷ ಆ ಮನೆಯಲ್ಲಿ ಯಾರು ಬಣ್ಣ ತರಿಸಿದರು, ಯಾರು ಬಟ್ಟೆ ಬಿಗಿದರು, ಹಿನ್ನೆಲೆಯ ಆಕಾಶವನ್ನು ಯಾರು ಬರೆದರು ಅಂತ ಹೇಳೋ ಪುಟಗಳು ಅದರಲ್ಲಿಲ್ಲ.